ಊರಿಗೊಂದು ಆಟದ ಮೈದಾನ: ಮಾಡೋದು ಎರಡು ತಿಂಗಳು, ನಡೆಸೋದು ವರ್ಷಾನುಗಟ್ಟಲೆ

ನಮ್ಮೂರ ಸರ್ಕಾರಿ ಶಾಲೆ ಹಿಂದೆ ಒಂದೆಕರೆ ಚಿಲ್ಲರೆ ಜಾಗ ಇತ್ತು, ಪೂರ್ತಿ ಜಾಲಿ ಮುಳ್ಳು, ಒಂದು ಕಡೆ ತಿಪ್ಪೆ, ಇನ್ನೊಂದು ಕಡೆ ಹುಲ್ಲಿನ ಮೆದೆ. ಅದನ್ನ ಹಸನು ಮಾಡಿ ವಾಲಿಬಾಲ್ ಕೋರ್ಟು, ಶಟಲ್ ಕೋರ್ಟು, ಕಬಡ್ಡಿ ಅಂಕಣ ಮಾಡಿ ಈಗ ಏಳನೇ ವರ್ಷ. ಅಕ್ಕಪಕ್ಕದ ಊರಿನ ಹುಡುಗ್ರು ಆಗಾಗ ಫೋನ್ ಮಾಡಿ "ಅಣ್ಣ ನಾವೂ ಮಾಡ್ಬೇಕು ಅಂತಿದೀವಿ, ಎಷ್ಟು ಖರ್ಚಾಯ್ತು" ಅಂತ ಕೇಳ್ತಾರೆ. ನಾನು ತಿರುಗಿಸಿ ಕೇಳೋದು ಒಂದೇ ಪ್ರಶ್ನೆ: ಮಾಡಿದ್ಮೇಲೆ ಬೀಗದ ಕೈ ಯಾರ ಮನೇಲಿರತ್ತೆ? ಅದಕ್ಕೆ ಉತ್ತರ ಇಲ್ಲ ಅಂದ್ರೆ ಜೆಸಿಬಿ ಕರೆಸ್ಬೇಡಿ ಇನ್ನೂ. ಉದ್ಘಾಟನೆ ಫೋಟೋ ಚೆನ್ನಾಗಿ ಬಂದು ಎರಡು ವರ್ಷಕ್ಕೆ ಮತ್ತೆ ಜಾಲಿ ಬೆಳೆದಿರೋ ಮೈದಾನಗಳನ್ನ ನಮ್ಮ ಹೋಬಳಿಲೇ ನಾಲ್ಕೈದು ತೋರಿಸ್ತೀನಿ.

ಮೊದಲು ಜಾಗದ ಕಾಗದ

ಜಾಗ ಯಾರದ್ದು ಅಂತ ಊರಲ್ಲಿ ಎಲ್ರಿಗೂ ಗೊತ್ತಿರತ್ತೆ, ಕಾಗದದಲ್ಲಿ ಮಾತ್ರ ಬೇರೆ ಇರತ್ತೆ. ಪಹಣಿ ತೆಗೆಸಿ, ಗೋಮಾಳನಾ, ಶಾಲೆ ಹೆಸರಲ್ಲಿದ್ಯಾ, ಪಂಚಾಯ್ತಿದಾ ನೋಡ್ಕೊಳ್ಳಿ. ಆಮೇಲೆ ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆಯವರ ಕೈಲಿ ಗಡಿ ಕಲ್ಲು ನೆಡ್ಸಿ. ನಾವು ಇದನ್ನ ಮಾಡ್ದೇ ಕೋರ್ಟ್ ಹಾಕಿದ್ವಿ, ಒಂದೂವರೆ ವರ್ಷ ಆದ್ಮೇಲೆ ಪಕ್ಕದ ಜಮೀನಿನವರು ಅಳತೆ ಮಾಡ್ಸಿದಾಗ ನೋಡಿದ್ರೆ ಶಟಲ್ ಕೋರ್ಟಿನ ಒಂದು ಮೂಲೆ ಅವರ ರಾಗಿ ಹೊಲದಲ್ಲಿದೆ. ಪುಣ್ಯಾತ್ಮ ಜಗಳ ಆಡ್ಲಿಲ್ಲ, ಆದ್ರೆ ಕಿತ್ತು ಹತ್ತಡಿ ಈಚೆ ಹಾಕೋ ಕೆಲಸ ನಮ್ಮ ತಲೆಗೇ ಬಂತು.

ಶಾಲೆ ಜಾಗ ಆದ್ರೆ ಹೆಡ್ ಮಾಸ್ಟ್ರು "ಆಡ್ಕೊಳ್ರಪ್ಪ" ಅಂದಿದ್ದು ಸಾಲಲ್ಲ, ಅವರಿಗೆ ಟ್ರಾನ್ಸ್‌ಫರ್ ಆದ್ರೆ ಆ ಮಾತೂ ಅವರ ಜೊತೆ ಹೋಗತ್ತೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೇಲಿ ಠರಾವು ಮಾಡ್ಸಿ ಕಾಪಿ ಇಟ್ಕೊಳ್ಳಿ, ಶಾಲೆ ಟೈಮಲ್ಲಿ ಮಕ್ಕಳದ್ದು, ಉಳಿದ ಟೈಮಲ್ಲಿ ಊರಿಂದು ಅಂತ ಅದರಲ್ಲೇ ಬರೆದಿರ್ಲಿ. ಪಂಚಾಯ್ತಿ ಜಾಗ ಆದ್ರೆ ಪಿಡಿಓನ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಕಂಡು ಸಾಮಾನ್ಯ ಸಭೆ ನಡವಳಿಲಿ ಬರೋ ಹಾಗೆ ನೋಡ್ಕೊಳ್ಳಿ. ಹಾಗೇ ದುಡ್ಡಿನ ದಾರಿನೂ ಕೇಳಿ, ನರೇಗಾದಲ್ಲಿ ಎಷ್ಟೋ ಸರ್ಕಾರಿ ಶಾಲೆಗಳ ಮೈದಾನ, ಕಾಂಪೌಂಡ್ ಆಗಿವೆ, ಈಗ ಯಾವ ಯೋಜನೆ ಕೆಳಗೆ ತಗೋಬಹುದು ಅಂತ ಅವರೇ ಹೇಳ್ತಾರೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಆಫೀಸ್ ಜಿಲ್ಲೆಲಿ ಇರತ್ತೆ, ಅಲ್ಲಿಗೂ ಒಂದು ಅರ್ಜಿ ಕೊಡಿ, ಏನಿಲ್ಲ ಅಂದ್ರೂ ಒಂದು ಪರಿಚಯ ಆಗತ್ತೆ. ಸಿಟಿ ಲೇಔಟ್‌ನಲ್ಲಿ ಇರೋರು ಅಪ್ರೂವ್ಡ್ ಪ್ಲಾನಿನಲ್ಲಿ ಪಾರ್ಕ್ ಅಂತ ತೋರಿಸಿರೋದು ಯಾವ್ದು, ಆಟದ ಮೈದಾನ ಅಂತ ತೋರಿಸಿರೋದು ಯಾವ್ದು ಅಂತ ಮೊದಲು ನೋಡಿ. ಇಂಥ ಜಾಗಗಳನ್ನ ಉಳಿಸ್ಲಿಕ್ಕೇ ಅಂತ ನಮ್ಮಲ್ಲಿ 1985ರ ಕಾಯ್ದೆ ಒಂದಿದೆ, ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳದ್ದು. ಯಾರಾದ್ರೂ ಸೈಟ್ ಮಾಡಕ್ಕೆ ಬಂದಾಗ ಈ ಹೆಸರು ಗೊತ್ತಿದ್ರೆ ಒಳ್ಳೇದು.

ಯಾವ ಆಟ, ಎಷ್ಟು ಜಾಗ

ಎಲ್ಲಾ ಆಟನೂ ಹಾಕೋಣ ಅಂತ ಹೊರಟ್ರೆ ಯಾವ್ದೂ ಸರಿಯಾಗಿ ಆಗಲ್ಲ. ಒಂದು ವಾರ ಸಂಜೆ ಸುಮ್ನೆ ಕೂತು ಎಣಿಸಿ, ಯಾರ್ಯಾರು ಬರ್ತಾರೆ, ಏನಾಡ್ತಾರೆ, ಎಷ್ಟೊತ್ತಿಗೆ ಬರ್ತಾರೆ. ಬರದೇ ಇರೋರು ಯಾರು ಅನ್ನೋದನ್ನೂ ಬರ್ಕೊಳ್ಳಿ. ನಮ್ಮ ಲೆಕ್ಕದಲ್ಲಿ ಮೊದಲ ವಾರ ಒಬ್ಬ ಹುಡುಗಿನೂ ಬಂದಿರ್ಲಿಲ್ಲ. ಹೈಸ್ಕೂಲಲ್ಲಿ ತಾಲ್ಲೂಕು ಮಟ್ಟಕ್ಕೆ ಥ್ರೋಬಾಲ್ ಆಡಿದ ಹುಡುಗೀರು ಊರಲ್ಲಿ ಹನ್ನೆರಡು ಜನ ಇದ್ರು.

ಅಳತೆ ಗುಂಟೆಲೆಕ್ಕದಲ್ಲಿ ಯೋಚಿಸಿದ್ರೆ ನಮ್ಮ ಜನಕ್ಕೆ ಬೇಗ ಅರ್ಥ ಆಗತ್ತೆ. ವಾಲಿಬಾಲ್ ಕೋರ್ಟು 18 ಮೀಟರ್ ಉದ್ದ 9 ಮೀಟರ್ ಅಗಲ, ಆದ್ರೆ ಸುತ್ತ ಕಡಿಮೆ ಅಂದ್ರೂ 3 ಮೀಟರ್ ಖಾಲಿ ಬಿಡ್ಬೇಕು, ಅಲ್ಲಿಗೆ 24ಕ್ಕೆ 15, ಹತ್ರತ್ರ ನಾಲ್ಕು ಗುಂಟೆ. ಥ್ರೋಬಾಲಿಗೆ 18.30ಕ್ಕೆ 12.20. ಶಟಲ್ ಕೋರ್ಟ್ 44 ಅಡಿಗೆ 20 ಅಡಿ, ಅಂದ್ರೆ 13.40ಕ್ಕೆ 6.10 ಮೀಟರ್, ಸುತ್ತಲಿನ ಜಾಗ ಸೇರಿ ಎರಡು ಗುಂಟೆ ಇಟ್ಕೊಳ್ಳಿ. ಕಬಡ್ಡಿ ಗಂಡಸರಿಗೆ 13ಕ್ಕೆ 10 ಮೀಟರ್, ಹೆಂಗಸರಿಗೆ 12ಕ್ಕೆ 8. ಖೋಖೋಗೆ 27ಕ್ಕೆ 16, ಜಾಗ ಜಾಸ್ತಿ ತಿನ್ನತ್ತೆ, ಆದ್ರೆ ಎರಡು ಕಂಬ ಬಿಟ್ರೆ ಬೇರೇನೂ ಬೇಡ, ಶಾಲೆ ಮೈದಾನಕ್ಕೆ ಅದಕ್ಕಿಂತ ಅಗ್ಗದ ಆಟ ಇನ್ನೊಂದಿಲ್ಲ. ಈಗ ಸಿಟಿಯಿಂದ ಬಂದೋರು ಪಿಕಲ್‌ಬಾಲ್ ಪಿಕಲ್‌ಬಾಲ್ ಅಂತಾರೆ, ಹಲಗೆಯಂಥ ಬ್ಯಾಟಲ್ಲಿ ತೂತಿನ ಪ್ಲಾಸ್ಟಿಕ್ ಬಾಲ್ ಹೊಡೆಯೋ ಆಟ, ಅದರ ಹೊರಗೆರೆನೂ ಶಟಲ್‌ದೇ 44ಕ್ಕೆ 20 ಅಡಿ, ಹಾಗಾಗಿ ಬೇರೆ ಕೋರ್ಟ್ ಹಾಕಕ್ಕೆ ಹೋಗ್ಬೇಡಿ, ಶಟಲ್ ಕೋರ್ಟ್ ಸಿಮೆಂಟಿಂದಾದ್ರೆ ಅಲ್ಲೇ ನೆಟ್ ಇಳಿಸಿದ್ರೆ ಆಯ್ತು. ಅದನ್ನ ಸಿಮೆಂಟಿನಂಥ ಗಟ್ಟಿ ನೆಲದ ಮೇಲೇ ಆಡ್ಬೇಕು, ಟಕ್ ಟಕ್ ಸದ್ದಿಗೆ ಅಕ್ಕಪಕ್ಕದ ಮನೆಯವರ ಬೈಗುಳನೂ ಜೊತೇಲಿ ಬರತ್ತೆ.

ಕ್ರಿಕೆಟ್ ವಿಷಯದಲ್ಲಿ ನಾನು ಸ್ವಲ್ಪ ಕಟುಕ. ಟೆನಿಸ್ ಬಾಲ್ ಕ್ರಿಕೆಟ್ ಒಂದು ಶುರುವಾಯ್ತು ಅಂದ್ರೆ ಇಪ್ಪತ್ತೆರಡು ಜನ ಪೂರ್ತಿ ಮೈದಾನ ನುಂಗಿಬಿಡ್ತಾರೆ, ಉಳಿದವರು ಬಾಲ್ ತಗಲತ್ತೆ ಅಂತ ಬರೋದೇ ಬಿಡ್ತಾರೆ. ಒಂದೆಕರೆ ಜಾಗದಲ್ಲಿ ಕ್ರಿಕೆಟ್ ಬೇಡ ಅಂತ ಮೊದಲ ದಿನಾನೇ ತೀರ್ಮಾನ ಮಾಡಿ, ಆಮೇಲೆ ಆಗಲ್ಲ. ಕೆರೆ ಅಂಗಳ ಇದೆ, ಬೇಸಿಗೇಲಿ ಅಲ್ಲಿ ಆಡ್ಲಿ.

ಮಣ್ಣಿನ ಕೆಲಸ

ಕೋರ್ಟಿನ ಉದ್ದ ಉತ್ತರ ದಕ್ಷಿಣಕ್ಕೆ ಇರ್ಲಿ. ಪೂರ್ವ ಪಶ್ಚಿಮಕ್ಕೆ ಹಾಕಿದ್ರೆ ಸಂಜೆ ಐದೂವರೆಗೆ ಒಂದು ಕಡೆ ಟೀಮು ಸೂರ್ಯನ ನೋಡ್ಕೊಂಡೇ ಆಡ್ಬೇಕು. ಜಾಗ ಉದ್ದುದ್ದ ಹೇಗಿದ್ಯೋ ಹಾಗೆ ಹಾಕೋದು ಎಲ್ರೂ ಮಾಡೋ ತಪ್ಪು.

ಮೂಲೆ ಸರಿಗಿದ್ಯಾ ಅಂತ ನೋಡಕ್ಕೆ ಇಂಜಿನಿಯರ್ ಬೇಡ, ಗಾರೆ ಕೆಲಸದೋರ ಲೆಕ್ಕ ಸಾಕು, ಒಂದು ಕಡೆ 6 ಅಡಿ, ಇನ್ನೊಂದು ಕಡೆ 8 ಅಡಿ, ಓರೆಗೆ 10 ಅಡಿ ಬಂದ್ರೆ ಮೂಲೆ ಮಟ್ಟ ಸರಿ. ಕೊನೇಲಿ ಮೂಲೆಯಿಂದ ಮೂಲೆಗೆ ಟೇಪ್ ಹಿಡೀರಿ. ವಾಲಿಬಾಲ್ ಕೋರ್ಟಿಗೆ ಅದು 20.12 ಮೀಟರ್ ಬರ್ಬೇಕು, ಎರಡೂ ಓರೆಗೆ ಅಷ್ಟೇ. ಕ್ರಿಕೆಟ್ ಪಿಚ್ಚಿನ 22 ಗಜನೂ ಅಷ್ಟೇ ಉದ್ದ, ಕಾಕತಾಳೀಯ, ಆದ್ರೆ ನೆನಪಿಟ್ಕೊಳ್ಳಕ್ಕೆ ಚೆನ್ನಾಗಿದೆ.

ನೀರು ಹೋಗೋ ದಾರಿ ಬಗ್ಗೆ ಮಾತ್ರ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ನಮ್ಮ ದುಡ್ಡು ನೀರಲ್ಲಿ ಹೋಗಿದ್ದೇ ಇಲ್ಲಿ. ಮೊದಲ ಸಲ ನೆಲನ ಕೇರಂ ಬೋರ್ಡ್ ಥರ ಸಪಾಟಾಗಿ ಮಾಡಿದ್ವಿ, ನೋಡಿದೋರೆಲ್ಲ ಭೇಷ್ ಅಂದ್ರು, ಮೇ ತಿಂಗಳ ಎರಡನೇ ಮಳೆಗೆ ಎಮ್ಮೆ ಬಂದು ಮಲಗೋ ಹಾಗಾಯ್ತು. ಬಯಲಿನ ವಾಲಿಬಾಲ್ ಕೋರ್ಟಿಗೆ ಮೀಟರಿಗೆ 5 ಮಿಲಿಮೀಟರ್ ಇಳಿಜಾರು ಕೊಡಬಹುದು ಅಂತ ಆಟದ ನಿಯಮದಲ್ಲೇ ಇದೆ. ಅಂದ್ರೆ 9 ಮೀಟರ್ ಅಗಲಕ್ಕೆ ನಾಲ್ಕೂವರೆ ಸೆಂಟಿಮೀಟರ್, ಕಣ್ಣಿಗೆ ಕಾಣಲ್ಲ ಕಾಲಿಗೆ ಗೊತ್ತಾಗಲ್ಲ, ನೀರಿಗೆ ಗೊತ್ತಾಗತ್ತೆ. ಇಳಿಜಾರು ಅಗಲಕ್ಕೆ ಕೊಡಿ, ಉದ್ದಕ್ಕೆ ಕೊಟ್ರೆ ಒಂದು ಟೀಮ್ ಹಳ್ಳದ ಕಡೆ ಬರತ್ತೆ. ಟ್ಯೂಬ್ ಲೆವೆಲ್ (ಮಟ್ಟ ನೋಡೋ ನೀರು ತುಂಬಿದ ಪೈಪು) ಇಟ್ಕೊಂಡು ಗೂಟ ಹೊಡೆದು ದಾರ ಕಟ್ಟಿ ನೋಡಿ, ಜೆಸಿಬಿ ಡ್ರೈವರ್ ಕಣ್ಣಳತೆ ನಂಬ್ಬೇಡಿ. ಇಳಿಜಾರಿನ ಕೆಳಗಡೆ ಒಂದು ಚರಂಡಿ, ಆ ಚರಂಡಿ ಯಾರ ಹೊಲಕ್ಕೆ ಹೋಗತ್ತೆ ಅನ್ನೋದನ್ನ ಹೊಲದವರ ಹತ್ರ ಮೊದಲೇ ಮಾತಾಡಿ. ದೊಡ್ಡೋರ ಲೆಕ್ಕ ಬೇರೆ, ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಮಲ್ಲಿ 2017ರಲ್ಲಿ ನೆಲದಡಿಯಿಂದ ನೀರು ಎಳೆಯೋ ಸಬ್‌ಏರ್ ಯಂತ್ರ ಹಾಕಿದ್ರು, ಮಳೆ ನಿಂತ ಸ್ವಲ್ಪ ಹೊತ್ತಿಗೇ ಮ್ಯಾಚ್ ಶುರು ಮಾಡ್ತಾರೆ. ನಮಗೆ ಇಳಿಜಾರೇ ಸಬ್‌ಏರ್.

ಎರೆ ಮಣ್ಣಿನ ಜಾಗ ಆದ್ರೆ ಬೇಸಿಗೇಲಿ ಬಿರುಕು ಬಿಡತ್ತೆ ಮಳೇಲಿ ಅಂಟತ್ತೆ, ಅದರ ಮೇಲೆ ಗ್ರಾವೆಲ್ಲು, ಅದರ ಮೇಲೆ ಜರಡಿ ಹಿಡಿದ ಕೆಮ್ಮಣ್ಣು ಬೇಕೇ ಬೇಕು. ಒಂದೇ ಸಲಕ್ಕೆ ಲೋಡ್ ಸುರಿದು ಹರಡ್ಬೇಡಿ. ಮೂರಿಂಚು ಹರಡಿ, ನೀರು ಹೊಡೆದು, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಹದ ನೋಡಿ ಗುಂಡು (ಉರುಳಿಸೋ ಕಲ್ಲು) ಎಳೀರಿ, ಆಮೇಲೆ ಇನ್ನೊಂದು ಮೂರಿಂಚು. ಹದ ಅಂದ್ರೆ ಏನು ಅಂತ ಊರಲ್ಲಿ ಅರವತ್ತು ದಾಟಿದ ಯಾರನ್ನಾದ್ರೂ ಕೇಳಿ. ಸುಗ್ಗಿಗೆ ಕಣ ಮಾಡ್ತಿದ್ದೋರು ಅವರು, ನೆಲ ಕೆತ್ತಿ, ನೀರು ಹಾಕಿ, ಗುಂಡು ಎಳೆದು ಕನ್ನಡಿ ಥರ ಮಾಡೋರು. ನಮ್ಮೂರಲ್ಲಿ ಒಬ್ರು ಅಜ್ಜ ಮಣ್ಣು ಮುಷ್ಟಿಲಿ ಹಿಡ್ಕೊಂಡು ಬಿಟ್ಟು "ಇನ್ನೊಂದು ಗಂಟೆ ಬಿಡ್ರೋ, ಈಗ ಎಳೆದ್ರೆ ಗುಂಡಿಗೇ ಅಂಟತ್ತೆ" ಅಂದ್ರು, ನಾವು ಕೇಳ್ಲಿಲ್ಲ, ಅಂಟ್ತು. ರೋಡ್ ರೋಲರ್ ಬಾಡಿಗೆ ಉಳಿಸಿದ್ದು ಹಿತ್ತಲಲ್ಲಿ ಬಿದ್ದಿದ್ದ ಅದೇ ಒಕ್ಕಣೆ ಕಲ್ಲು.

ಕಬಡ್ಡಿ ಅಂಕಣ ಮಾತ್ರ ಗಟ್ಟಿ ಮಾಡ್ಬಾರ್ದು. ಒಂದಡಿ ಅಗೆದು ಕಲ್ಲು, ಗಾಜು ಎಲ್ಲಾ ಆರಿಸಿ, ಜರಡಿ ಹಿಡಿದ ಮಣ್ಣಿಗೆ ಮರದ ಹೊಟ್ಟು ಬೆರೆಸಿ ತುಂಬಿ, ವಾರಕ್ಕೊಂದ್ಸಲ ಸಲಿಕೇಲಿ ತಿರುವಿ. ಗರಡಿ ಮನೆ ಅಖಾಡ ನೋಡಿದೋರಿಗೆ ಹೇಳಿಕೊಡೋದೇ ಬೇಡ.

ಗೆರೆ ಹಾಕಕ್ಕೆ ಸುಟ್ಟ ಸುಣ್ಣ ಬಳಸ್ಬೇಡಿ ದಯವಿಟ್ಟು. ಡೈವ್ ಹೊಡೆದ ಹುಡುಗನ ಕಣ್ಣಿಗೆ ಹೋದ್ರೆ ಕಣ್ಣೇ ಸುಡತ್ತೆ. ರಂಗೋಲಿ ಪುಡಿ ಇಲ್ಲಾ ಚಾಕ್ ಪುಡಿ ಸಾಕು, ಇಲ್ಲಾಂದ್ರೆ ಎರಡಿಂಚಿನ ನೈಲಾನ್ ಪಟ್ಟಿ ಹಾಸಿ ಮೊಳೆ ಹೊಡೀರಿ, ಮೊಳೆ ತಲೆ ಮಣ್ಣಿನ ಒಳಗೆ ಹೋಗಿರ್ಬೇಕು.

ಕಂಬ, ಲೈಟು, ಮರ

ವಾಲಿಬಾಲ್ ಕಂಬನ ತಂತಿ ಎಳೆದು ನಿಲ್ಲಿಸೋದು ನಮ್ಮ ಕಡೆ ಮಾಮೂಲಿ, ನಿಯಮದಲ್ಲಿ ಅದು ನಿಷೇಧ, ಯಾಕೆ ಅಂತ ಕತ್ಲಲ್ಲಿ ಎಡವಿ ಹಲ್ಲು ಮುರ್ಕೊಂಡೋರು ಹೇಳ್ತಾರೆ. ನೆಲದಲ್ಲಿ ಕಾಂಕ್ರೀಟ್ ಒಳಗೆ ಒಂದು ಪೈಪ್ ತೋಳು ಹೂತು, ಕಂಬ ಅದರೊಳಗೆ ಇಳಿಯೋ ಹಾಗೆ ಮಾಡಿ, ಬೇಕಾದಾಗ ಎತ್ತಬಹುದು. ಕಂಬಕ್ಕೆ ಕೊಕ್ಕೆ ಮೂರು ಎತ್ತರದಲ್ಲಿ ಬೆಸುಗೆ ಹಾಕ್ಸಿ: ಗಂಡಸರ ವಾಲಿಬಾಲ್ 2.43 ಮೀಟರ್, ಹೆಂಗಸರದ್ದು 2.24, ಥ್ರೋಬಾಲ್ 2.20. ಒಂದೇ ಜೊತೆ ಕಂಬದಲ್ಲಿ ಎರಡು ಆಟ. ಶಟಲ್ ನೆಟ್ ನಡುವೆ 5 ಅಡಿ, ಕಂಬದ ಹತ್ರ 5 ಅಡಿ 1 ಇಂಚು. ಫುಟ್ಬಾಲ್ ಗೋಲ್ ಕಂಬ ಇಟ್ರೆ ಮಾತ್ರ ನೆಲಕ್ಕೆ ಬಿಗಿದೇ ಇಡಿ, ಮಕ್ಕಳು ಜೋತುಬಿದ್ದೇ ಬೀಳ್ತಾರೆ, ಮಗುಚಿದ್ರೆ ತಲೆ ಮೇಲೇ ಬರೋದು.

ಲೈಟ್ ಕಂಬ ಕೋರ್ಟಿನ ಅಕ್ಕಪಕ್ಕ ಬರ್ಲಿ, ಆಟಗಾರರ ಬೆನ್ನ ಹಿಂದೆ ಬೇಡ, ಹಿಂದೆ ಹಾಕಿದ್ರೆ ಎದುರಿನವರ ಕಣ್ಣಿಗೆ ಹೊಡೆಯತ್ತೆ. ಕರೆಂಟ್ ಬಿಲ್ ಅಂದ್ರೆ ಎಲ್ರೂ ಹೆದರ್ತಾರೆ, ಲೆಕ್ಕ ಹಾಕಿ ನೋಡಿ: 200 ವ್ಯಾಟಿನ ನಾಲ್ಕು ಎಲ್‌ಇಡಿ ದಿನಕ್ಕೆ ಮೂರು ಗಂಟೆ ಉರಿದ್ರೆ 2.4 ಯೂನಿಟ್, ತಿಂಗಳಿಗೆ 72. ಯಾವ ದರಕ್ಕೆ ಸೇರತ್ತೆ ಅನ್ನೋದನ್ನ ಬೆಸ್ಕಾಂ ಆಗ್ಲಿ ಹೆಸ್ಕಾಂ ಆಗ್ಲಿ ಅರ್ಜಿ ಕೊಡೋವಾಗ್ಲೇ ಬರೆಸ್ಕೊಳ್ಳಿ. ಕೊಕ್ಕೆ ಹಾಕಿ ಲೈನಿಂದ ಕರೆಂಟ್ ಎಳೆಯೋ ಐಡಿಯಾ ಯಾರಾದ್ರೂ ಹೇಳೇ ಹೇಳ್ತಾರೆ, ಮಳೆಗಾಲದಲ್ಲಿ ಕಬ್ಬಿಣದ ಕಂಬ ಮುಟ್ಟೋದು ನಮ್ಮ ಮಕ್ಕಳೇ ಅನ್ನೋದು ಅವರಿಗೆ ನೆನಪು ಮಾಡಿ. ಅರ್ಥಿಂಗ್ ಮತ್ತು ಇಎಲ್‌ಸಿಬಿ (ಕರೆಂಟ್ ಸೋರಿದ್ರೆ ತಾನೇ ಕಟ್ ಆಗೋ ಸ್ವಿಚ್ಚು) ಇಲ್ದೆ ಸ್ವಿಚ್ ಒತ್ತಬೇಡಿ.

ಮರ ಪಶ್ಚಿಮದ ಕಡೆ ಸಾಲಾಗಿ ಹಾಕಿ, ಸಂಜೆ ಬಿಸಿಲು ತಡೆಯತ್ತೆ. ಹೊಂಗೆ ಒಳ್ಳೇದು. ನೇರಳೆ ಬೇಡ, ಹಣ್ಣಿನ ಕಾಲದಲ್ಲಿ ಕೋರ್ಟ್ ಪೂರ್ತಿ ನೀಲಿ, ಕಾಲು ಜಾರತ್ತೆ. ಆಲ, ಅರಳಿ ಬೇರು ಕೋರ್ಟಿನ ಅಡಿಗೇ ಬಂದು ಎತ್ತತ್ತೆ.

ಇನ್ನೊಂದು, ಶೌಚಾಲಯ. ಇದನ್ನ ಎಲ್ರೂ ಕೊನೇಲಿ ದುಡ್ಡು ಉಳಿದ್ರೆ ಅಂತ ಇಡ್ತಾರೆ. ನಮ್ಮ ಥ್ರೋಬಾಲ್ ಹುಡುಗೀರು ಬರದೇ ಇದ್ದಿದ್ದಕ್ಕೆ ನಾವು ನಾಚಿಕೆ, ಮನೆಯವರು ಬಿಡಲ್ಲ ಅಂತೆಲ್ಲ ಕಾರಣ ಅಂದ್ಕೊಂಡಿದ್ವಿ, ಕೇಳಿದ್ಮೇಲೆ ಗೊತ್ತಾಯ್ತು, ಶಾಲೆ ಶೌಚಾಲಯಕ್ಕೆ ನಾಲ್ಕೂವರೆಗೆ ಬೀಗ ಬೀಳತ್ತೆ ಅಷ್ಟೇ. ಬೀಗದ ಕೈ ಒಂದು ಹುಡುಗೀರ ಟೀಮಿಗೆ ಕೊಟ್ವಿ, ದಾರಿಗೆ ಒಂದು ಬೀದಿ ದೀಪ ಹಾಕ್ಸಿದ್ವಿ, ಮುಂದಿನ ತಿಂಗಳು ಎಂಟು ಜನ ಬಂದ್ರು.

ಬೀಗದ ಕೈ, ಟೈಮ್ ಟೇಬಲ್, ಪುಸ್ತಕ

ಬೀಗದ ಕೈ ಮೈದಾನಕ್ಕೆ ಹತ್ತಿರದ ಮನೇಲಿರ್ಲಿ, ಅಧ್ಯಕ್ಷರ ಮನೇಲಲ್ಲ. ಅಧ್ಯಕ್ಷರು ಮದುವೆಗೆ ಹೋದ್ರೆ ಆಟ ಬಂದ್. ನಮ್ಮಲ್ಲಿ ಎದುರಿನ ಅಂಗಡಿ ಅಕ್ಕನ ಹತ್ರ ಇದೆ, ಯಾರು ಎಷ್ಟೊತ್ತಿಗೆ ತಗೊಂಡ್ರು ಅಂತ ಒಂದು ನೋಟ್ ಬುಕ್ಕಲ್ಲಿ ಸೈನ್ ಮಾಡ್ಬೇಕು. ಬಾಲ್ ಕಳೆದ್ರೆ ಆವತ್ತಿನ ಸೈನ್ ನೋಡಿದ್ರೆ ಸಾಕು.

ಟೈಮ್ ಟೇಬಲ್‌ನ ಗೋಡೆ ಮೇಲೆ ಪೈಂಟಲ್ಲಿ ಬರೆಸಿ, ವಾಟ್ಸಾಪಲ್ಲಿ ಹಾಕಿದ್ರೆ ಓದಿಲ್ಲ ಅಂತಾರೆ. ನಮ್ಮದು ಹೀಗಿದೆ: ಬೆಳಿಗ್ಗೆ ಏಳರವರೆಗೆ ವಾಕಿಂಗ್‌ನೋರು, ಶಾಲೆ ಮುಗಿದು ಐದೂಕಾಲರವರೆಗೆ ಚಿಕ್ಕ ಮಕ್ಕಳು, ಅಲ್ಲಿಂದ ಆರೂವರೆವರೆಗೆ ವಾಲಿಬಾಲ್ ಕೋರ್ಟ್ ಹುಡುಗೀರ ಥ್ರೋಬಾಲಿಗೆ, ಆಮೇಲೆ ಒಂಬತ್ತೂವರೆವರೆಗೆ ಗಂಡುಹುಡುಗ್ರು ದೊಡ್ಡೋರು. ಶಟಲ್‌ಗೆ ಏಳರ ಮೇಲೇ ಸರಿ, ಗಾಳಿ ಬಿದ್ದಿರತ್ತೆ. ಜೋರಾಗಿ ಆಡೋರು ಬಂದ್ರೆ ಮೆತ್ತಗಿರೋರು ಜಾಗ ಬಿಡ್ತಾರೆ, ಎಲ್ಲಾ ಮೈದಾನದಲ್ಲೂ ಹಾಗೇ, ಟೈಮ್ ಬರೆಯೋದು ಮೆತ್ತಗಿರೋರಿಗೋಸ್ಕರ.

ಒಂದೇ ಜಾಗ ಹತ್ತು ಕೆಲಸಕ್ಕೆ ಬರಲ್ಲ ಅಂತ ವಾದ ಮಾಡೋರಿಗೆ ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್ ಕಥೆ ಹೇಳಿ. ಅದು ಮದುವೆ ಹಾಲು, ಮದುವೆ ಇಲ್ದಾಗ ಶಟಲ್ ಕೋರ್ಟು, ಪ್ರಕಾಶ್ ಪಡುಕೋಣೆ ಆಡಿ ಬೆಳೆದಿದ್ದು ಅಲ್ಲೇ, 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ರು. ಹಾಗಾಗಿ ಊರಿನ ಆರ್ಕೆಸ್ಟ್ರಾಗೆ, ನಾಟಕಕ್ಕೆ ಮೈದಾನ ಕೊಡ್ಲೇಬೇಡಿ ಅಂತ ನಾನು ಹೇಳಲ್ಲ, ತಾರೀಕು ಮೊದಲೇ ಬರೆದಿರ್ಲಿ, ಡೆಪಾಸಿಟ್ ಇಸ್ಕೊಳ್ಳಿ, ಶಾಮಿಯಾನದ ಗೂಟ ಕೋರ್ಟಿನ ಒಳಗೆ ಹೊಡೆಯೋ ಹಾಗಿಲ್ಲ, ಮಾರನೇ ದಿನ ಹನ್ನೆರಡಕ್ಕೆ ಮುಂಚೆ ಎಲೆ ಲೋಟ ಎತ್ತಿರ್ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ಹಾಕೋ ಹಾಗಿಲ್ಲ ಅನ್ನೋದು ಕಾನೂನು, ಅದನ್ನ ಹೇಳೋ ಕೆಲಸ ಒಬ್ಬರಿಗೆ ವಹಿಸಿ, ಎಲ್ರೂ ಹೇಳ್ತಾರೆ ಅಂದ್ಕೊಂಡ್ರೆ ಯಾರೂ ಹೇಳಲ್ಲ.

ಸಂಘ ನೋಂದಣಿ ಮಾಡ್ಸಿ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಲಿ ಏಳು ಜನ ಇದ್ರೆ ಸಾಕು. ಆಮೇಲೆ ಪ್ರತಿ ವರ್ಷ ಲೆಕ್ಕ ಫೈಲ್ ಮಾಡ್ಬೇಕು, ಇದನ್ನ ಮರೆತು ಸಂಘನೇ ಸತ್ತುಹೋಗಿರೋದು ಜಾಸ್ತಿ. ಬ್ಯಾಂಕ್ ಖಾತೆ ಇಬ್ಬರ ಸಹಿಲಿ. ತಿಂಗಳ ಕೊನೇಲಿ ಲೆಕ್ಕದ ಪುಟದ ಫೋಟೋ ಗ್ರೂಪಿಗೆ ಹಾಕಿ, ಮೂರು ರೂಪಾಯಿ ದಾರ ತಂದಿದ್ದೂ ಅದರಲ್ಲಿರ್ಲಿ. ನಾವು ದುಡೀತಿರೋರಿಗೆ ತಿಂಗಳಿಗೆ ನೂರು ರೂಪಾಯಿ ಇಟ್ಟಿದೀವಿ, ಓದೋ ಹುಡುಗ್ರಿಗೆ ದುಡ್ಡಿಲ್ಲ, ಅದರ ಬದಲು ಭಾನುವಾರ ನೀರು ಹೊಡೆದು ಗುಂಡು ಎಳೀಬೇಕು. ಬಂದ ದುಡ್ಡಲ್ಲಿ ನಾಲ್ಕನೇ ಒಂದು ಭಾಗ ಮುಟ್ಟೋದೇ ಇಲ್ಲ, ನೆಟ್ಟು ಬಿಸಿಲಿಗೆ ಪುಡಿಯಾಗತ್ತೆ, ಬಾಲ್ ಹರಿಯತ್ತೆ, ಎಲ್‌ಇಡಿ ಒಳಗಿನ ಡ್ರೈವರ್ ಸರ್ಕ್ಯೂಟ್ ಸುಡತ್ತೆ, ಇವೆಲ್ಲ ಹೇಳದೇ ಬರೋ ಖರ್ಚು. ಯಾರಾದ್ರೂ ಓಪನ್ ಜಿಮ್ ಕೊಡಿಸ್ತೀವಿ ಅಂದ್ರೆ ಸಂತೋಷ, ಗ್ರೀಸ್ ಹಾಕೋರು ಯಾರು, ಬೇರಿಂಗ್ ಹೋದ್ರೆ ಯಾರಿಗೆ ಫೋನ್ ಮಾಡೋದು ಅಂತ ಕೇಳಿ ಬರೆಸ್ಕೊಂಡು ಆಮೇಲೆ ತಗೊಳ್ಳಿ.

ಟೂರ್ನಮೆಂಟ್ ಮಾಡೋವಾಗ

ವರ್ಷಕ್ಕೊಂದು ಸಾಕು. ಪ್ರಾಯೋಜಕರು ಬಂದು ಮೂರಡಿ ಶೀಲ್ಡ್ ಕೊಡ್ತೀನಿ ಅಂದ್ರೆ "ಸರ್ ಒಂದು ಫ್ಲಡ್ ಲೈಟ್ ಕೊಡಿ, ನಿಮ್ಮ ಹೆಸರು ಕಂಬದ ಮೇಲೆ ಬರೆಸ್ತೀವಿ" ಅನ್ನಿ, ಹತ್ತರಲ್ಲಿ ಮೂರು ಜನ ಒಪ್ತಾರೆ.

ಮರದ ಗ್ಯಾಲರಿ ಕಟ್ಟಿಸ್ಬೇಡಿ. 2021ರ ಮಾರ್ಚಲ್ಲಿ ತೆಲಂಗಾಣದ ಸೂರ್ಯಾಪೇಟೆಲಿ ಜೂನಿಯರ್ ನ್ಯಾಷನಲ್ ಕಬಡ್ಡಿ ಶುರುವಾಗೋ ದಿನಾನೇ ತಾತ್ಕಾಲಿಕ ಗ್ಯಾಲರಿ ಕುಸಿದು ನೂರಕ್ಕೂ ಹೆಚ್ಚು ಜನಕ್ಕೆ ಪೆಟ್ಟಾಯ್ತು. ನ್ಯಾಷನಲ್ ಮಟ್ಟದಲ್ಲೇ ಹಾಗಾದ್ರೆ ನಮ್ಮ ಬೊಂಬು ಹಗ್ಗದ ಕಥೆ ಏನು. ಮಣ್ಣಿನ ದಿಬ್ಬ ಮೆಟ್ಟಿಲು ಮೆಟ್ಟಿಲಾಗಿ ಮಾಡಿ, ಚರಂಡಿ ಅಗೆದಾಗ ಬಂದ ಮಣ್ಣೇ ಆಗತ್ತೆ. ಒಳಗೆ ಬರೋ ಗೇಟ್ ಹೊರಗೆ ಹೋಗೋ ಗೇಟ್ ಬೇರೆ ಬೇರೆ ಇರ್ಲಿ, ಗೇಟ್ ಎದುರು ಬೈಕ್ ನಿಲ್ಲಿಸಕ್ಕೆ ಬಿಡ್ಬೇಡಿ, 108 ಬಂದ್ರೆ ಕೋರ್ಟ್ ಪಕ್ಕದವರೆಗೂ ಬರೋ ದಾರಿ ಇರ್ಬೇಕು. ಸ್ಟೇಷನ್ನಿಗೆ ಅರ್ಜಿ ಒಂದು ವಾರ ಮುಂಚೆನೇ.

ದುಡಿಯೋದು ಅದೇ ನಾಲ್ಕು ಜನ ಆಗ್ತಾರೆ, ಮೂರನೇ ವರ್ಷ ಅವರೂ ಕೈ ಎತ್ತುತ್ತಾರೆ. ಇದಕ್ಕೆ ಕೊಡಗಿನವರನ್ನ ನೋಡಿ ಕಲೀಬೇಕು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬ ಸೇರಿಸಿ ಶುರು ಮಾಡಿದ ಕೊಡವ ಹಾಕಿ ಹಬ್ಬ ಈಗ ಮುನ್ನೂರಕ್ಕೂ ಹೆಚ್ಚು ಕುಟುಂಬ ಆಡೋ ಹಾಗೆ ಬೆಳೆದಿದೆ, ಒಂದೊಂದು ಸಲ ಒಂದೊಂದು ಕುಟುಂಬ ಹೊಣೆ ಹೊರತ್ತೆ, ಹಬ್ಬಕ್ಕೂ ಅದೇ ಕುಟುಂಬದ ಹೆಸರು. ನಾವೂ ಈಗ ಬೀದಿಗೊಂದು ವರ್ಷ ಅಂತ ಮಾಡಿದೀವಿ. ಮೇಲಿನ ಬೀದಿಯವರು ಹೋಳಿಗೆ ಹಾಕಿದ್ರು ಅಂತ ಕೆಳಗಿನ ಬೀದಿಯವರು ಬಾಡೂಟನೇ ಹಾಕಿದ್ರು, ಅದು ಬೇರೆ ಕಥೆ.

ಮಳೆಗಾಲ

ಜೂನ್ ಮೊದಲ ವಾರ ನೆಟ್ ಬಿಚ್ಚಿ ಒಣಗಿಸಿ ಮಡಿಸಿಡಿ, ಇಲಿ ಕಡಿಯದ ಹಾಗೆ ಡ್ರಮ್ಮಲ್ಲಿ. ಕಂಬ ಎತ್ತಿ ಒಳಗಿಡಿ, ನೆಲದ ಪೈಪಿಗೆ ಮುಚ್ಚಳ ಹಾಕಿ, ಇಲ್ಲಾಂದ್ರೆ ಕಪ್ಪೆ ಸಂಸಾರ ಹೂಡತ್ತೆ, ಮಕ್ಕಳ ಕಾಲೂ ಸಿಕ್ಕಾಕೊಳ್ಳತ್ತೆ. ಕಂಬದ ಬುಡಕ್ಕೆ ರೆಡ್ ಆಕ್ಸೈಡ್ ಹೊಡೀರಿ. ಹಸಿ ನೆಲದ ಮೇಲೆ ಆಡಕ್ಕೆ ಬಿಡ್ಲೇಬೇಡಿ, ಒಂದು ಸಂಜೆ ಹೆಜ್ಜೆ ಗುರುತು ಒಣಗಿದ್ರೆ ಅದನ್ನ ಸರಿ ಮಾಡಕ್ಕೆ ಮೂರು ಭಾನುವಾರ ಬೇಕು. ಬೇಲಿ ಪಕ್ಕ ಬೆಳೆದ ಹುಲ್ಲನ್ನ ಹಸು ಸಾಕಿರೋರಿಗೆ ಕೊಯ್ಕೊಳ್ಳಿ ಅಂತ ಹೇಳಿ, ಕೂಲಿ ಉಳೀತು, ಹಾವಿನ ಭಯನೂ ಹೋಯ್ತು. ಗಣೇಶನ ಹಬ್ಬ ಕಳೆದ ಮೇಲೆ ಮಳೆ ನೋಡ್ಕೊಂಡು ಒಂದು ಲೋಡ್ ಕೆಮ್ಮಣ್ಣು ತರಿಸಿ, ಗುಂಡಿ ಬಿದ್ದ ಕಡೆ ತುಂಬಿ, ಮತ್ತೆ ಗುಂಡು ಎಳೀರಿ. ಗುಂಡು ಎಳೆಯೋ ದಿನ ಅಂಗಡಿ ಅಕ್ಕನಿಗೆ ಮೊದಲೇ ಹೇಳಿರಿ, ಇಪ್ಪತ್ತು ಟೀ ಬೇಕಾಗತ್ತೆ.